ಕುರಿಗೆ ಹೊಲ ಕೇಳಿದ ಅಕ್ಕೋರು

ಅಕ್ಕೋರ ಸೀರೆಯ ಅಂಚಿನ ತುಂಬ ಉತ್ತರಾಣಿ ಕಾಳು ಅಂಟಿರುತ್ತಿದ್ದವು. ಸುರಪುರದಿಂದ ಬಸ್ಸಿಗೆ ಬಂದು, ಕ್ರಾಸ್‌ನಲ್ಲಿಳಿದು, ಹೊಲದ ಬದುವಿನ ಮೇಲೆ ಮೂರು ಕಿಲೋಮೀಟರ್ ನಡೆದು ಬರುವವರಿಗೆ ಮತ್ತೇನು ಅಂಟೀತು? ಶಾಲೆಯ ಕಟ್ಟೆಯ ಮೇಲೆ ಕೂತು ಅವನ್ನು ಒಂದೊಂದಾಗಿ ಕೀಳುತ್ತ ಮಕ್ಕಳಿಂದ ಮಗ್ಗಿ ಹೇಳಿಸುವರು. ಯಾರಾದರೂ ತಪ್ಪಿದರೆ ತಲೆ ಎತ್ತದೆಯೇ, "ಹಿಂದಕ್ಕ ಹೋಗು, ಮತ್ತ ಹೇಳು" ಎನ್ನುವರು.

ನಾನು ಅಲ್ಲಿ ಅತಿಥಿ ಶಿಕ್ಷಕನಾಗಿ ಸೇರಿದಾಗ ಕಾಯಂ ಇದ್ದವರು ಅವರೊಬ್ಬರೇ. ಎರಡು ಕೋಣೆಗಳಲ್ಲಿ ಒಂದು ಸೋರುತ್ತಿತ್ತು. ರಿಪೇರಿಗೆ ಪ್ರತಿ ವರ್ಷ ಅರ್ಜಿ ಬರೆಯುವರು. ಬಂದ ಅನುದಾನ ಸೀಮೆಸುಣ್ಣ, ಕಸಬರಿಗೆಗೇ ಮುಗಿದುಹೋಗುವುದು. ಉಳಿದ ಕೋಣೆಯಲ್ಲಿ ಒಂದೊಂದು ತರಗತಿ ಒಂದೊಂದು ಗೋಡೆಗೆ ಮುಖ ಮಾಡಿ ಕೂರುತ್ತಿತ್ತು. ತರಗತಿ ಐದು, ಗೋಡೆ ನಾಲ್ಕು. ಐದನೆಯವರು ಬಾಗಿಲಲ್ಲಿ. ಸಂಜೆಯ ಹೊತ್ತಿಗೆ ಅಕ್ಕೋರ ದನಿ ಕಟ್ಟಿರುತ್ತಿತ್ತು.

ಊರಿನ ಅರ್ಧ ಮನೆಗಳು ಕುರಿ ಸಾಕುವವರವು. ಸುಗ್ಗಿಯ ರಾಶಿ ಮುಗಿಯಿತೆಂದರೆ ಕುರಿ ಹೊಡೆದುಕೊಂಡು ತಿಂಥಣಿಯ ಕಡೆ ಹೊಳೆದಂಡೆಗೆ ಹೊರಡುವರು. ಮರಿ ಕಾಯಲು ಮಕ್ಕಳೂ ಹಿಂದೆ. ಒಂದು ವರ್ಷ ಇಲಾಖೆಯ ಮೇಲಿನವರು ಬಂದು, ಮಕ್ಕಳು ಇಷ್ಟೇ ಆದರೆ ಈ ಶಾಲೆಯನ್ನು ಹಳ್ಳದಾಚೆಯದಕ್ಕೆ ಸೇರಿಸಿಬಿಡುತ್ತೇವೆ, ತಿಂಗಳ ಮೇಲೆ ಬಂದು ಮತ್ತೆ ಎಣಿಸುತ್ತೇವೆ ಎಂದು ಹೇಳಿ ಹೋದರು. ಇಲ್ಲದ ಮಕ್ಕಳಿಗೂ ಹಾಜರಿ ಹಾಕಿಬಿಡೋಣವೇ ಎಂದು ನಾನು ಮೆಲ್ಲಗೆ ಕೇಳಿದೆ. ಅಕ್ಕೋರು ಹಾಜರಿ ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟು, "ತಮ್ಮಾ, ಗಾಡಿ ತಗಿ" ಎಂದರು.

ಹೊಳೆದಂಡೆಯಲ್ಲಿ ನಮ್ಮೂರ ಕುರಿಯವನೊಬ್ಬ ನಮ್ಮನ್ನು ನೋಡಿ ನಕ್ಕ. "ಅಕ್ಕೋರ, ನಿಮ್ಮ ಸಾಲಿ ಉಳಸಾಕ ನನ್ನ ಮಗಳು ಬೇಕೇನ್ರಿ?"

"ಹೌದಪ್ಪ, ಸಾಲಿ ಉಳಸಾಕನ ಬಂದೀನಿ. ಅದು ಹ್ವಾದ್ರ ಹಳ್ಳ ದಾಟಿಸಿ ಮಗಳನ್ನ ಕಳಸ್ತೀಯೇನು?"

ಅವನು ನೆಲ ನೋಡಿದ. ಊರಲ್ಲಿ ಯಾರಾದರೂ ಹೊಲ ಕೊಟ್ಟರೆ ಇಷ್ಟು ದೂರ ಯಾಕೆ ಬರುತ್ತಿದ್ದೆವು ಎಂದ.

ನಮ್ಮ ಕಡೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು, ಕುರಿಯವರಿಗೆ ಜೋಳ ಅಳೆದು ಕೊಡುತ್ತಾರೆ. ಮರುದಿನದಿಂದ ಅಕ್ಕೋರು ಶಾಲೆ ಬಿಟ್ಟ ಮೇಲೆ ಹೊಲದವರ ಮನೆಮನೆ ತಿರುಗಿದರು. ಈ ಸಲ ಹೊರಗಿನ ಕುರಿ ಕರೆಯಬೇಡಿರಿ, ನಮ್ಮೂರವನ್ನೇ ನಿಲ್ಲಿಸಿರಿ, ಒಬ್ಬರ ಹೊಲ ಮುಗಿದರೆ ಇನ್ನೊಬ್ಬರದು ಎಂದು ಒಪ್ಪಿಸಿದರು. ಚಹಾದಂಗಡಿಯಲ್ಲಿ ಒಬ್ಬ, "ಅಕ್ಕೋರು ಕುರಿ ಹಿಕ್ಕಿ ದಲಾಲಿ ಹಿಡದಾರ ನೋಡ್ರಿ" ಎಂದು ಕಿಚಾಯಿಸಿದ. ಅಕ್ಕೋರು ನಿಂತರು. "ನಿನ್ನ ಮಗನ್ನ ದಿನಾ ಹೊತ್ತಿಗಿ ಸರಿಯಾಗಿ ಕಳಸು. ಅದ ನನ್ನ ದಲಾಲಿ."

ಹನ್ನೊಂದು ಮಕ್ಕಳು ಹಿಂದಿರುಗಿದರು. ಎಣಿಕೆಯಲ್ಲಿ ಶಾಲೆ ಉಳಿಯಿತು. ಆಮೇಲೆ ನಿವೃತ್ತರಾಗುವವರೆಗೂ ಅವರಿಗೆ ಪ್ರತಿ ವರ್ಷ ಇದೇ ತಿರುಗಾಟ. ಮೊಣಕಾಲು ಬಾತುಕೊಂಡಿದ್ದರೂ, "ಸಾಕಾತು ತಮ್ಮಾ" ಎನ್ನುತ್ತಲೇ ಚಪ್ಪಲಿ ಮೆಟ್ಟುವರು.

ಅವರ ನಂತರ ನಾನೂ ತಿರುಗಿದೆ. ಆದರೆ ಅಷ್ಟರಲ್ಲಿ ಕಾಲುವೆ ನೀರು ಬಂದು ಹೊಲಗಳೆಲ್ಲ ಎರಡನೇ ಬೆಳೆ ಹಿಡಿದಿದ್ದವು. ಕುರಿ ನಿಲ್ಲಲು ಜಾಗವೇ ಇರಲಿಲ್ಲ. ಹೊಲದವರು ಚಹಾ ಕೊಟ್ಟು ಕಳಿಸಿದರು. ಹೋದ ವರ್ಷ ಶಾಲೆಯನ್ನೂ ನನ್ನನ್ನೂ ಹಳ್ಳದಾಚೆಗೆ ಸೇರಿಸಿದರು. ಅಕ್ಕೋರಿಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದರು:

"ಅಲ್ಲಿಗಿ ಎಷ್ಟ ಮಂದಿ ಬರವಲ್ರು?"

"ಇಬ್ಬರು ಹುಡುಗ್ಯಾರ್ರಿ. ಹಳ್ಳ ದಾಟಬೇಕಂತ ಮನ್ಯಾಗ ಬ್ಯಾಡಂತಾರ."

ಮರುವಾರವೇ ಬಂದರು. ಮೊದಲನೆಯವಳ ಅಜ್ಜಿಯ ಎದುರು ಅರ್ಧ ದಿನ ಕೂತರು. ಆ ಹುಡುಗಿ ಈಗ ಹಳ್ಳದಾಚೆಯ ಶಾಲೆಯಲ್ಲಿ ಐದನೆಯ ತರಗತಿ. ಎರಡನೆಯವಳ ಮನೆಗೆ ಬೀಗವಿತ್ತು. ಮನೆಯವರೆಲ್ಲ ಕುರಿಯ ಹಿಂದೆ ಹೋಗಿದ್ದರು. ಅವರು ಬಂದಾಗ ಹೇಳು, ಮತ್ತೆ ಬರುತ್ತೇನೆ ಎಂದು ಅಕ್ಕೋರು ಬಸ್ಸು ಹತ್ತಿದರು.

ಮಳೆಗಾಲಕ್ಕೆ ಆ ಮನೆಯವರು ಹಿಂದಿರುಗಿದರು. ಹೇಳೋಣವೆಂದರೆ ಅಕ್ಕೋರು ತೀರಿಕೊಂಡು ಹದಿನೈದು ದಿನವಾಗಿತ್ತು. ಆ ಮನೆಗೆ ಈಗ ನಾನು ಹೋಗುತ್ತೇನೆ. ಮೂರು ಸಲ ಹೋಗಿ ಬಂದೆ. ಹುಡುಗಿ ಇನ್ನೂ ಶಾಲೆಗೆ ಬಂದಿಲ್ಲ.