ಅರ್ಜಿ ಯಮನೂರಪ್ಪ ಬರೆದ ಕಾದಂಬರಿ

ಕುಷ್ಟಗಿಯ ತಹಶೀಲ್ ಕಚೇರಿಯ ಎದುರಿನ ಬೇವಿನ ಮರದಡಿ ಕೂತು ಇಪ್ಪತ್ತೆರಡು ವರ್ಷ ಅರ್ಜಿ ಬರೆದ ಯಮನೂರಪ್ಪನಿಗೆ ಕಾದಂಬರಿ ಬರೆಯುವ ಹುಚ್ಚು ಹಿಡಿದದ್ದು ತಲೆ ಅರ್ಧ ನರೆತ ಮೇಲೆ. ಹುಚ್ಚು ಅಂದದ್ದು ಊರವರು. ನನ್ನನ್ನು ಕೇಳಿದರೆ, ಆ ಸೀಮೆಯಲ್ಲಿ ಅವನಷ್ಟು ನೆಟ್ಟಗಿನ ತಲೆಯವನು ಇನ್ನೊಬ್ಬನಿರಲಿಲ್ಲ.

ನಿಜಾಮರ ರಾಜ್ಯ, ಕಚೇರಿಯ ಭಾಷೆ ಉರ್ದು. ಯಮನೂರಪ್ಪ ಸಾಲಿಯಲ್ಲಿ ಕಲಿತದ್ದೂ ಉರ್ದುವೇ. ಕನ್ನಡವನ್ನು ಮಠದ ಅಯ್ಯನವರ ಹತ್ತಿರ ಮರಳಿನ ಮೇಲೆ ತಿದ್ದಿದ್ದ, ಅಷ್ಟೆ. ಹಳ್ಳಿಯವರು ಬಂದು ತಮ್ಮ ಗೋಳನ್ನು ಕನ್ನಡದಲ್ಲಿ ಅರ್ಧ ದಿನ ಹೇಳುತ್ತಿದ್ದರು. ಅವನು ಅದನ್ನು ಉರ್ದುವಿನ ಹತ್ತು ಸಾಲಿಗೆ ಇಳಿಸುತ್ತಿದ್ದ. ‘ಗರೀಬ್ ಪರ್ವರ್ ಸಲಾಮತ್’, ಬಡವರ ಪಾಲಕರು ಚೆನ್ನಾಗಿರಲಿ, ಎಂದು ಶುರು, ಹೆಬ್ಬೆಟ್ಟಿನಲ್ಲಿ ಮುಕ್ತಾಯ. ಅವನ ಅರ್ಜಿ ಸೋತದ್ದು ಕಡಿಮೆ.

ಇಟಗಿಯ ಮುದುಕಮ್ಮನ ಅರ್ಜಿಯೂ ಗೆದ್ದಿತ್ತು. ಹೆಸರಿಗೆ ಮುದುಕಮ್ಮ, ಆಗಿನ್ನೂ ಮೂವತ್ತು ದಾಟದ ಹೆಣ್ಣು. ಗಂಡ ಮುಂಬಯಿಯ ಗಿರಣಿಗೆ ಹೋಗಿ ವರ್ಷದ ಮೇಲಾಗಿತ್ತು, ಸುದ್ದಿಯಿಲ್ಲ. ಹೊಲದ ಮೇಲೆ ಮೈದುನ ಕಣ್ಣು ಹಾಕಿದ್ದ. ಹೊಲ ಕೈಗೆ ಬಂದ ಮೇಲೆ ಅವಳು ಒಂದು ಸೇರು ಹೆಸರುಕಾಳು ತಂದಿಟ್ಟು, ಹೋಗುವಾಗ ಒಂದು ಮಾತು ಅಂದಳು. "ನೀವು ಬರದದ್ದು ಭಾಳ ಛಲೋ ಇತ್ರಿ. ಆದ್ರ ಓದಿ ಹೇಳಿದ್ರಲ್ಲ, ಆ ಕಾಗದದಾಗ ಇದ್ದಾಕಿ ನಾನಲ್ಲ ಬಿಡ್ರಿ."

ಬೈದಿದ್ದರೆ ಮರೆಯುತ್ತಿದ್ದ. ನಗುತ್ತ ಹೇಳಿದ್ದು ಮನಸ್ಸಿಗೆ ನಾಟಿತು. ಹಾಗಾದರೆ ಆ ಕಾಗದದಲ್ಲಿ ಇದ್ದವಳು ಯಾರು? ಇಷ್ಟು ವರ್ಷ ತಾನು ಯಾರ್‍ಯಾರ ಕಥೆ ಬರೆದೆ? ಐದು ವರ್ಷ ಈ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮೂವತ್ತಾರನೇ ಇಸವಿಯ ಒಂದು ಮುಂಜಾನೆ ಕನ್ನಡದಲ್ಲಿ ಅವಳ ಕಥೆ ಬರೆಯಲು ಕೂತ. ಅವಳ ಹೆಸರನ್ನು ನೀಲವ್ವ ಎಂದು ಬದಲಿಸಿದ, ಉಳಿದದ್ದು ಹಾಗೇ. ಮುದುಕಮ್ಮ ಕೇಳಿ ‘ಇಕಿ ನಾನ’ ಅನ್ನುವ ತನಕ ಅಚ್ಚಿಗೆ ಕೊಡುವುದಿಲ್ಲ ಎಂದು ಆಣೆಯನ್ನೂ ಮಾಡಿಕೊಂಡ.

ಮೊದಲ ಅಧ್ಯಾಯವನ್ನು ಹೆಂಡತಿ ಅನ್ನಮ್ಮನಿಗೆ ಓದಿದ. ‘ಪೂರ್ವದಲ್ಲಿ ಚಂದ್ರನು ಉದಯಿಸಿದನು. ಸದರಿ ಚಂದ್ರನ ಬೆಳಕಿನಲ್ಲಿ ನೀಲವ್ವನು ನಿಂತಿದ್ದಳು.’

ಅನ್ನಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಚಂದ್ರಾಮನ ಮ್ಯಾಲೂ ಅರ್ಜಿ ಕೊಟ್ರೇನು?"

ಪಾಪ, ಅವನ ತಪ್ಪಲ್ಲ. ಕೈಗೆ ಬಿದ್ದ ರೂಢಿ. ಹುಡುಕಿ ನೋಡಿದರೆ ಎಪ್ಪತ್ತು ಹಾಳೆಯಲ್ಲಿ ನೂರಾ ನಾಲ್ಕು ‘ಸದರಿ’ ಸಿಕ್ಕವು. ಅಷ್ಟನ್ನೂ ಹರಿದು ಒಲೆಗೆ ಹಾಕಿದ.

ಎರಡನೇ ಸಲ ಪುಸ್ತಕದ ಕನ್ನಡದಲ್ಲಿ ಬರೆದ. ಕಥೆಯ ಕೊನೆಗೆ ನೀಲವ್ವ ಕಚೇರಿಯಲ್ಲಿ ಸಾಹೇಬನೆದುರು ನಿಲ್ಲುತ್ತಾಳೆ. ಗಂಡನ ಹೆಸರೇನು ಎಂದು ಸಾಹೇಬ ಕೇಳುತ್ತಾನೆ. ‘ನನ್ನ ಪತಿಯ ನಾಮಧೇಯ ಮಹಾದೇವಪ್ಪ’ ಎಂದು ಅವಳು ಥಟ್ಟನೆ ಉತ್ತರಿಸುತ್ತಾಳೆ. ಯಮನೂರಪ್ಪ ಓದಿ, ಹೊಗಳಿಕೆಗೆ ಕಾದು ಕೂತ.

"ಇಕಿ ಯಾವೂರ ಹೆಂಗಸ್ರೀ?" ಎಂದಳು ಅನ್ನಮ್ಮ. "ನಾಲ್ಕ ಗಂಡಸರ ಮುಂದ ಗಂಡನ ಹೆಸರು ಬಾಯಿ ತುಂಬ ಹೇಳತಾಳ! ನಿಮ್ಮ ಹೆಸರು ನನ್ನ ಬಾಯಾಗ ಒಮ್ಮೆರ ಕೇಳೀರೇನು?"

ಯಮನೂರಪ್ಪ ಪೆಚ್ಚಾದ. ದಿನಕ್ಕೆ ಹತ್ತು ಹೆಂಗಸರು ಎದುರಿಗೆ ಕೂರುತ್ತಿದ್ದರು. ಗಂಡನ ಹೆಸರು ಕೇಳಿದರೆ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಳ್ಳುವಳು, ಒಬ್ಬಳು ಜೊತೆಗೆ ಬಂದವರ ಮುಖ ನೋಡುವಳು, ಒಬ್ಬಳು ‘ಶನಿವಾರದ ದೇವರ್ರಿ’ ಅನ್ನುವಳು. ಮುದುಕಮ್ಮ ಏನೆಂದಿದ್ದಳು? ‘ನಮ್ಮೂರ ದೊಡ್ಡ ಗುಡ್ಯಾಗ ಯಾರದಾನ ಅವನ ಹೆಸರ್ರಿ’ ಎಂದಿದ್ದಳು. ಇಟಗಿಯ ಮಹಾದೇವನ ಗುಡಿ ಯಾರಿಗೆ ಗೊತ್ತಿಲ್ಲ? ಅವನು ಕಾಗದದ ಮೇಲೆ ಮಹಾದೇವಪ್ಪ ಎಂದಷ್ಟೇ ಗೀಚಿ, ಅವಳ ಮಾತನ್ನು ಅಲ್ಲೇ ಬಿಟ್ಟಿದ್ದ. ತಾನು ಇಷ್ಟು ವರ್ಷ ಅರ್ಜಿಯಿಂದ ಕಡಿದು ಬಿಸಾಕಿದ್ದೇ ಕಾದಂಬರಿ ಎಂದು ಅವನಿಗೆ ಅವತ್ತು ಗೊತ್ತಾಯಿತು. ಆ ತಪ್ಪನ್ನು ಹೆಂಡತಿಯೆದುರೇ ಒಪ್ಪಿಕೊಂಡ. ಅದಕ್ಕೇ ಅವನೆಂದರೆ ನನಗೆ ಗೌರವ.

ಅಲ್ಲಿಂದ ಅವನು ಕೇಳುವ ರೀತಿಯೇ ಬದಲಾಯಿತು. ಹಳ್ಳಿಯವರು ಮಾತು ಮುಗಿಸಿದರೂ ಲೇಖನಿ ಎತ್ತದೆ ಅವರ ಬಾಯಿಯನ್ನೇ ನೋಡುತ್ತ ಕೂರುವನು. ಪಕ್ಕದಲ್ಲಿ ಸ್ಟಾಂಪ್ ಕಾಗದ ಮಾರುತ್ತಿದ್ದ ರಾಜಾಸಾಬ ಗೆಳೆಯನನ್ನು ಎಚ್ಚರಿಸಿದ. "ಯಮನೂರಪ್ಪಾ, ನಿನ್ನ ಅರ್ಜಿ ದಿನಾ ಉದ್ದ ಆಗಾಕತ್ಯಾವ. ಒಳಗ ಅರ್ಜಿ ಓದೋ ಪೇಶ್ಕಾರ ಸಾಹೇಬ್ರು ಇದೇನು ಅರ್ಜಿನೋ ಪುರಾಣನೋ ಅಂತ ಕೇಳಾಕತ್ತಾರ."

ಮೂರನೇ ಸಲ ಬರೆಯುವಾಗ ಬೇರೊಂದು ತೊಡಕು ಎದುರಾಯಿತು. ಕಥೆಗೆ ಖಾರ ಬೇಕೆಂದು ನೀಲವ್ವನ ಅತ್ತೆಯನ್ನು ಮಹಾ ಕೆಟ್ಟವಳನ್ನಾಗಿ ಮಾಡಿದ್ದ. ಆದರೆ ನೀಲವ್ವ ಜೋಳ ಬಿತ್ತಬೇಕಲ್ಲ? ಅವಳು ಎತ್ತು ಹೊಡೆದರೆ ಕೂರಿಗೆಯ ಬಟ್ಟಲಿಗೆ ಕಾಳು ಬಿಡಲು ಇನ್ನೊಬ್ಬರು ಬೇಕು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅತ್ತೆಯನ್ನೇ ಕೂರಿಗೆಯ ಹಿಂದೆ ನಡೆಸಿದ. ಮುದುಕಿ ಬಿಸಿಲಲ್ಲಿ ಕಾಳು ಬಿಡುತ್ತ ಬಂದಳು ನೋಡಿ, ಮುಂದೆ ಎಷ್ಟು ಹಟ ಮಾಡಿದರೂ ಕೆಟ್ಟವಳಾಗಲು ಒಪ್ಪಲಿಲ್ಲ. ಅವಳಿಗಾಗಿ ಹಿಂದಿನ ಅಧ್ಯಾಯಗಳನ್ನೆಲ್ಲ ತಿದ್ದಬೇಕಾಯಿತು. ಎರಡು ವರ್ಷ ಹಿಡಿಯಿತು. ತಿದ್ದಿದ, ಬೇಸರಪಡಲಿಲ್ಲ.

ನಲವತ್ತೆರಡರ ಮಾಘದಲ್ಲಿ ಗದಗಿನ ಒಬ್ಬ ಮುದ್ರಕ ಕಾಗದ ಬರೆದ. ಯುದ್ಧದಿಂದಾಗಿ ಅಚ್ಚಿನ ಕಾಗದ ಸಿಗುತ್ತಿಲ್ಲ, ಇದ್ದಷ್ಟರಲ್ಲಿ ಒಂದು ಪುಸ್ತಕ ಮಾಡಬಹುದು, ಯುಗಾದಿಯೊಳಗೆ ಕೈಗೆ ಬಂದರೆ ನಿಮ್ಮದು, ಇಲ್ಲದಿದ್ದರೆ ಇನ್ನೊಬ್ಬರದು. ಯುಗಾದಿಯ ಹಿಂದಿನ ದಿನ ಯಮನೂರಪ್ಪ ಹಸ್ತಪ್ರತಿಯ ಗಂಟು ಹೊತ್ತು ಇಟಗಿಗೆ ಬಂದ. ಮುದುಕಮ್ಮನಿಗೆ ಇನ್ನೂ ಕೇಳಿಸಿರದ ಕೊನೆಯ ಅಧ್ಯಾಯಗಳನ್ನು ಓದಿ ಹೇಳುವುದು, ಬನ್ನಿಕೊಪ್ಪದ ಸ್ಟೇಷನ್ನಿಗೆ ನಡೆದು ಸಂಜೆಯ ಗಾಡಿ ಹಿಡಿಯುವುದು, ಗದಗಿನಲ್ಲಿ ಗಂಟನ್ನು ಮುದ್ರಕನ ಕೈಗೆ ಹಾಕುವುದು. ಆರು ವರ್ಷದ ದುಡಿಮೆ ಆ ಒಂದು ಗಾಡಿಯ ಮೇಲೆ ನಿಂತಿತ್ತು.

ಮುದುಕಮ್ಮ ಅಂಗಳದಲ್ಲಿ ಕಡಲೆ ಕೇರುತ್ತ ಕೇಳಿದಳು. ಅತ್ತೆ ಕೂರಿಗೆಯ ಹಿಂದೆ ನಡೆದಾಗ ಕಣ್ಣೊರೆಸಿಕೊಂಡಳು. "ನಮ್ಮತ್ತಿ ಹಿಂಗ ನಡೀತಿದ್ಲು. ನಿಮಗ ಯಾರು ಹೇಳಿದ್ರು?" ಯಾರೂ ಹೇಳಿರಲಿಲ್ಲ. ಯಮನೂರಪ್ಪನ ಎದೆ ಹಿಗ್ಗಿತು.

ಕೊನೆಗೆ ಕಚೇರಿ ಬಂತು. ಹನ್ನೊಂದು ವರ್ಷ ಗಂಡನಿಲ್ಲದೆ ಬದುಕಿದ ನೀಲವ್ವ ಕಟಕಟೆಯಲ್ಲಿ ನಿಂತಳು. ಸಾಹೇಬ ಗಂಡನ ಹೆಸರು ಕೇಳಿದ. ನೀಲವ್ವ ತಲೆ ತಗ್ಗಿಸಿ, ‘ನಮ್ಮೂರ ದೊಡ್ಡ ಗುಡ್ಯಾಗ ಯಾರದಾನ ಅವನ ಹೆಸರ್ರಿ’ ಎಂದಳು. ಇಡೀ ಪುಸ್ತಕದಲ್ಲಿ ಯಮನೂರಪ್ಪನಿಗೆ ಅತಿ ಪ್ರೀತಿಯ ಸಾಲು ಅದು.

ಮುದುಕಮ್ಮ ಮೊರ ಕೆಳಗಿಟ್ಟಳು. "ಇನ್ನೂ ಹಂಗ ಅಂತಾಳೇನ್ರಿ?"

"ನೀನ ಹಂಗ ಅಂದಿದ್ದೆಲ್ಲವಾ."

"ಅಂದಿದ್ದೆ. ಆವಾಗ ಬರ್ತಾನ ಅಂತ ತಿಳಿದಿದ್ದೆ. ನಿಮ್ಮ ನೀಲವ್ವ ಹನ್ನೊಂದ ವರ್ಷ ಕಾದಾಳ. ಹೊಲಾ ಬಿತ್ಯಾಳ, ಅತ್ತಿನ್ನ ಮಣ್ಣ ಮಾಡ್ಯಾಳ. ಇನ್ನೂ ಯಾರಿಗಂತ ತಲಿ ತಗ್ಗಸ್ತಾಳ?"

ಯಮನೂರಪ್ಪ ಆಕಾಶ ನೋಡಿದ. ಹೊತ್ತು ಇಳಿದಿತ್ತು. ಈಗಲೇ ಎದ್ದರೆ ಗಾಡಿ ಸಿಗುತ್ತದೆ, ಪುಸ್ತಕ ಆಗುತ್ತದೆ. ಒಂದೇ ಒಂದು ಸಾಲು, ಓದುವವರಿಗೆ ಏನು ತಿಳಿದೀತು? ಹೀಗೆಲ್ಲ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನು ಬಿಚ್ಚಿದ ಗಂಟನ್ನು ಹಾಗೇ ಬಿಟ್ಟು, ಮಡಿಚಿದ ಕಾಲಿನ ಮೇಲೆ ಹಾಳೆಯಿಟ್ಟು, ತನ್ನ ಪ್ರೀತಿಯ ಸಾಲನ್ನು ಹೊಡೆದು ಹಾಕಿದ.

"ಹಂಗಾದ್ರ ಸಾಹೇಬಗ ಏನಂತಾಳ?"

ಮುದುಕಮ್ಮ ಸೆರಗು ಸರಿಮಾಡಿಕೊಂಡು, ಕಚೇರಿಯಲ್ಲಿ ನಿಂತವಳಂತೆ ನೆಟ್ಟಗೆ ಎದ್ದು ನಿಂತಳು.

"ಮಾದೇವಪ್ಪ," ಎಂದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. "ಮಾದೇವಪ್ಪ ಅಂತ ಬರಕೋರಿ."