ಒಂದು ಪಾಸ್ ಪುಸ್ತಕಕ್ಕೆ ಒಂದು ಕುರ್ಚಿ

ಕೈಗೆ ಹೆಸರಿನ ಪಟ್ಟಿ ಬಂದರೆ ಸಾಕು, ಎದುರಿಗೆ ಬಂದವರೆಲ್ಲ ನನಗೆ ಕಳ್ಳರಂತೆ ಕಾಣತೊಡಗುತ್ತಾರೆ. ಮೂವತ್ತು ವರ್ಷ ಮೇಷ್ಟ್ರಾಗಿ ಹಾಜರಿ ಕೂಗಿದ ದೋಷವಿರಬೇಕು. ಈ ಗುಣ ತಿಳಿದೇ, ದೇವನಹಳ್ಳಿ ಕಡೆಯ ನಮ್ಮೂರಿನ ಹಾಲಿನ ಡೈರಿಯವರು ವರ್ಷವರ್ಷವೂ ಸರ್ವ ಸದಸ್ಯರ ಸಭೆಗೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸುತ್ತಾರೆ. ನಮ್ಮನೆಯ ಹಾಲೂ ಅದೇ ಡೈರಿಗೆ ಹೋಗುತ್ತದೆ, ಪಾಸ್ ಪುಸ್ತಕ ನನ್ನ ಹೆಸರಲ್ಲಿದೆ.

ನೋಡಿ, ಈ 'ಸರ್ವ' ಎಂಬ ಮಾತಿನ ಮೇಲೇ ನನಗೆ ಅನುಮಾನ. ಎಲ್ಲರನ್ನೂ ಕರೆದಂತೆ ಮಾಡಿ, ಬಾಗಿಲಿಗೆ ನನ್ನಂಥವನನ್ನು ಇಡುತ್ತದೆ. 'ಸದಸ್ಯ' ಎಂದರೆ ಮೂಲದಲ್ಲಿ ಸದಸ್ಸಿನಲ್ಲಿ, ಅಂದರೆ ಸಭೆಯಲ್ಲಿ, ಕೂತವರು ಎಂದಷ್ಟೇ ಅರ್ಥ. ನಾವು ಅದನ್ನು ಹಿಂದುಮುಂದು ಮಾಡಿ, ಸದಸ್ಯರಾದರೆ ಮಾತ್ರ ಕೂರಬಹುದು ಎನ್ನುತ್ತೇವೆ.

ಈ ಸಲ ಮುನಿರಾಜು ಸಹಿ ಹಾಕಿ ಒಳಗೆ ಹೋದ. ಹಿಂದೆಯೇ ಅವನ ಹೆಂಡತಿ ರತ್ನಮ್ಮ. ತಡೆದೆ. ಸಭೆಯಲ್ಲಿ ಹಂಚುವ ಮೈಸೂರ್ ಪಾಕಿನ ಪೊಟ್ಟಣಕ್ಕೆ ಬಂದಳೇ, ಗಲಾಟೆ ಮಾಡಲು ಯಾರಾದರೂ ಕಳಿಸಿದರೇ ಎಂದು ನನ್ನ ತಲೆ ಓಡುತ್ತಿತ್ತು.

"ಒಂದು ಪಾಸ್ ಪುಸ್ತಕಕ್ಕೆ ಒಬ್ರೇ ಕಣಮ್ಮ. ಪುಸ್ತಕ ಅವನ ಹೆಸರಲ್ಲಿದೆ."

"ಎರಡು ಹೊತ್ತೂ ಹಾಲು ಕರೆಯೋಳು ನಾನು ಮೇಷ್ಟ್ರೇ. ಡೈರೀಲಿ ಲ್ಯಾಕ್ಟೋಮೀಟರ್ ಇಟ್ಟು, ಡಿಗ್ರಿ ಬರ್ತಿಲ್ಲ, ನೀರು ಬೆರೆಸ್ತೀಯ, ನಾಳೆಯಿಂದ ನಿನ್ನ ಹಾಲು ಬೇಡ ಅಂದವ್ರೆ. ನಾನು ಒಂದು ತೊಟ್ಟು ಬೆರೆಸಿಲ್ಲ. ಅದನ್ನ ಹೇಳ್ಬೇಕು."

ನೀರು ಬೆರೆಸುವವರೂ ಇದೇ ಮಾತು ಹೇಳುತ್ತಾರಲ್ಲ ಎಂದುಕೊಂಡು ಬಿಡಲಿಲ್ಲ. ಆಕೆ ಹೋಗಿ ಕಿಟಕಿಯ ಹೊರಗೆ ನಿಂತಳು.

ಒಳಗೆ ಮುನಿರಾಜು ಎದ್ದು ವಿಷಯ ಎತ್ತಿದ. ಡಿಗ್ರಿ ಇಳಿಯಲು ಬೇರೆ ಕಾರಣವಿದೆಯೇ ಎಂದು ನೋಡಲು, ಹಸು ಕರು ಹಾಕಿ ಎಷ್ಟು ತಿಂಗಳಾಯಿತೆಂದು ಕಾರ್ಯದರ್ಶಿ ಕೇಳಿದರು. ಅವನು ಕಿಟಕಿ ನೋಡಿದ. ಉತ್ತರ ಕಿಟಕಿಯಿಂದ ಬಂತು. ಬೂಸಾ ಎಷ್ಟು, ಹಸಿ ಮೇವು ಯಾವುದು ಎಂದಾಗಲೂ ಹಾಗೆಯೇ. ಅಧ್ಯಕ್ಷರಿಗೆ ಕತ್ತು ತಿರುಗಿಸಿ ತಿರುಗಿಸಿ ಸಾಕಾಯಿತು. "ಆಯಮ್ಮನ್ನ ಒಳಕ್ಕೆ ಬಿಡಿ ಮೇಷ್ಟ್ರೇ" ಎಂದರು.

ನಾನು ನಿಯಮ ಹೇಳಿದೆ. ಮುನಿರಾಜು ಕುರ್ಚಿ ಬಿಟ್ಟು ನನ್ನ ಪಕ್ಕ ಬಂದು ನಿಂತ. ರತ್ನಮ್ಮ ಹೋಗಿ ಅದೇ ಕುರ್ಚಿಯಲ್ಲಿ ಕೂತಳು. ಒಂದು ಪುಸ್ತಕಕ್ಕೆ ಒಬ್ಬರೇ. ತಪ್ಪು ಹುಡುಕಿದೆ, ಸಿಗಲಿಲ್ಲ. ಮರುದಿನ ಆಕೆಯ ಕೊಟ್ಟಿಗೆಯಲ್ಲೇ ಎಲ್ಲರ ಎದುರು ಹಾಲು ಕರೆದು ಡಿಗ್ರಿ ನೋಡುವುದು, ಅಲ್ಲಿಯವರೆಗೆ ಹಾಲು ಬೇಡವೆನ್ನಬಾರದು ಎಂದು ತೀರ್ಮಾನವಾಯಿತು.

ಬಾಗಿಲಲ್ಲಿ ನಾವಿಬ್ಬರೇ. ಮುನಿರಾಜು ಮೆಲ್ಲಗೆ ಕೇಳಿದ, "ಮೇಷ್ಟ್ರೇ, ನಿಮ್ಮನೇಲಿ ಹಾಲು ಕರೆಯೋರು ಯಾರು?"

ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ನಾನೇ ಹಾಕಿದ ಸಹಿ ಇತ್ತು. ಮೊದಲ ಸಲ ಅದು ಖೋಟಾ ಸಹಿಯಂತೆ ಕಂಡಿತು.