ಪಾರಿವಾಳದ ಗೋಪುರದ ಕೆಳಗಿನ ಕೋಣೆ

ಕಾಶಿಯಲ್ಲಿ ಘಾಟಿನ ಮೆಟ್ಟಿಲಿಳಿಯುವಾಗ ಕಾಲು ಉಳುಕಿತು. ಪಟ್ಟಿ ಕಟ್ಟಿಸಲು ಹತ್ತಿರದ ಶಿವಾಲ ಮೊಹಲ್ಲಾದ ಧರ್ಮಾಸ್ಪತ್ರೆಗೆ ಹೋದೆ. ಅಂಗಳದ ನಡುವೆ ಸುಣ್ಣ ಬಳಿದ ಗೋಪುರ, ಅದರ ಮೈತುಂಬ ಪಾರಿವಾಳದ ಗೂಡುಗಳು.

ಪಟ್ಟಿ ಕಟ್ಟಿದ ಕಂಪೌಂಡರು ಕಾಶಿಯಲ್ಲೇ ಹುಟ್ಟಿದ ಕನ್ನಡಿಗರು. "ಮೊದಲು ಕಟ್ಟಿದ್ದು ಆ ಕಬೂತರ್‌ಖಾನಾನೇ, ಪಾರಿವಾಳದ ಗೋಪುರ. ಆಸ್ಪತ್ರೆ ಆಮೇಲೆ ಬಂತು," ಎಂದರು. ಕಟ್ಟಿಸಿದ ಸೇಠರು ಒಂದು ಕಟ್ಟಳೆ ಬರೆದಿಟ್ಟಿದ್ದಾರಂತೆ. ಹಕ್ಕಿಗಳಿಗೆ ಕಾಳು ಹಾಕುವವರಿಗೆ ಗೋಪುರದ ಕೆಳಗಿನ ಕೋಣೆ, ಎರಡು ಹೊತ್ತಿನ ಊಟ. ಕಾಳು ಹಾಕುವುದು ಬಿಟ್ಟರೆ ಕೋಣೆಯನ್ನೂ ಬಿಡಬೇಕು.

ಈಗ ಆ ಕೋಣೆಯಲ್ಲಿರುವವರು ಗದಗ ಕಡೆಯ ತುಂಗಕ್ಕ, ಎಪ್ಪತ್ತು ದಾಟಿದ ವಿಧವೆ. ನಾನಿದ್ದಾಗಲೇ ಕಾಳಿನ ಬುಟ್ಟಿ ಹಿಡಿದು, ಕೆಮ್ಮುತ್ತ ಔಷಧಿಗೆ ಬಂದರು.

"ಅಕ್ಕಾ, ಡಾಕ್ಟರ್ ಸಾಬ್ ಹೇಳಿಲ್ವಾ? ಆ ರೆಕ್ಕೆ ಧೂಳಿಂದಲೇ ಕೆಮ್ಮು. ಕಾಳು ಹಾಕೋದು ಬಂದ್ ಮಾಡಿ."

"ಬಂದ್ ಮಾಡಿ ಎಲ್ಲಿ ಮಲಗ್ಲೋ ತಮ್ಮಾ, ನಿನ್ನ ಔಷಧಿ ಕಪಾಟಿನ್ಯಾಗ?"

ಕಂಪೌಂಡರು ನಕ್ಕು ಖಾಲಿ ಸೀಸೆಯೊಂದನ್ನು ಕೈಗೆತ್ತಿಕೊಂಡರು.

ನಾನು ನಡುವೆ ಬಾಯಿ ಹಾಕಿದೆ. "ತುಂಗಕ್ಕ, ಇವತ್ತು ನಾನು ಹಾಕುತ್ತೇನೆ. ನೀವು ದೂರ ಕೂತಿರಿ."

"ಹಾಕವ್ವಾ, ಬ್ಯಾಡ ಅನ್ನೂದಿಲ್ಲ. ನಾಳೆ?"

ನಾಳೆ ಬೆಳಿಗ್ಗೆಯೇ ನನ್ನ ರೈಲು. ಬುಟ್ಟಿಗೆ ಚಾಚಿದ ಕೈ ಹಿಂದೆ ತೆಗೆದುಕೊಂಡೆ.

ಕಂಪೌಂಡರು ಸೀಸೆಗೆ ಕೆಮ್ಮಿನ ಕೆಂಪು ಮಿಕ್ಸ್ಚರು ತುಂಬಿ, ಹೊತ್ತುಹೊತ್ತಿನ ಅಳತೆ ತೋರಿಸುವ ಕಾಗದ ಅಂಟಿಸಿ ಕೊಟ್ಟರು. ತುಂಗಕ್ಕ ಅದನ್ನು ಬುಟ್ಟಿಯ ಕಾಳಿನೊಳಗೆ ನೆಟ್ಟಗೆ ಊರಿದರು. ಸೆರಗನ್ನು ಮೂಗಿನ ಮೇಲೆ ಬಿಗಿದುಕೊಂಡು ಗೋಪುರದ ಕಡೆ ಹೊರಟರು.